ಗಂಗುಬಾಯಿ ಉರ್ಫ್ ಜಯಮಾಲಾ

ಜೂನ್ 10, 2025, ಮಂಗಳವಾರ
ಇಜೇರಿ

ಈ ನೋಟ್‌ಬುಕ್ಕು ಧಮ್ಮಪಾಲ ಸರ್ ಕೊಟ್ಟದ್ದು. ನಮ್ಮ ಕಂಬಳಿಗಳನ್ನು ಕೊಂಡು ಮಾರುವ ಸಂಘವನ್ನು ಕಲಬುರ್ಗಿಯಲ್ಲಿ ನಡೆಸುವವರು ಅವರು. "ಉಣ್ಣಿ ತೊಳೆಯೋದು, ಬಿಡಿಸೋದು, ನೂಲೋದು ಎಲ್ಲಾ ದಿನಾ ಒಂದೀಟು ಬರದಿಡ್ರಿ ಅವ್ವಾರ, ಅಲ್ಲಿ ಹೋದಾಗ ಹೇಳಾಕ ಬೇಕಾಗ್ತದ" ಎಂದರು. ಉಣ್ಣೆಯ ಬಗ್ಗೆ ಬರೆಯಲು ಕುಳಿತರೆ ಏನೂ ತೋಚುವುದಿಲ್ಲ. ಏಳನೆಯ ಇಯತ್ತೆ ಮುಗಿದ ಮೇಲೆ ನಾನು ಬರೆದದ್ದೆಂದರೆ ಸಂಘದ ಪುಸ್ತಕದಲ್ಲಿ ಸಹಿ ಮಾತ್ರ. ಆದ್ದರಿಂದ ನಡೆದದ್ದನ್ನೇ ಬರೆಯುತ್ತೇನೆ.

"ಅಲ್ಲಿ" ಎಂದರೆ ಕಿರ್ಗಿಸ್ತಾನ. ದಿಲ್ಲಿಯಿಂದ ವಿಮಾನ ಹತ್ತಬೇಕಂತೆ. ಸೆಪ್ಟೆಂಬರಿನಲ್ಲಿ ಬೇರೆ ಬೇರೆ ದೇಶಗಳ ಉಣ್ಣೆ ಕೆಲಸದ ಹೆಂಗಸರು ಅಲ್ಲಿ ಸೇರುತ್ತಾರೆ. ಕರಿ ಕುರಿಯ ಉಣ್ಣೆಯನ್ನು ಬಣ್ಣ ಹಾಕದೆ ನೂಲುವವರೊಬ್ಬರು ಬೇಕೆಂದು ಕೇಳಿದ್ದರಂತೆ. ಸರ್ ನನ್ನ ಹೆಸರು ಕೊಟ್ಟಿದ್ದಾರೆ. ಹೋಗಿ ಬರುವುದೆಲ್ಲ ಅವರೇ ನೋಡಿಕೊಳ್ಳುತ್ತಾರೆ. ನಾನು ತರಬೇಕಾದದ್ದು ಪಾಸ್‌ಪೋರ್ಟ್ ಒಂದೇ, ಅದೂ ಆಗಸ್ಟ್ ಇಪ್ಪತ್ತರೊಳಗೆ. ಆಮೇಲೆ ವೀಸಾಕ್ಕೆ ದಿನ ಬೇಕು.

ನಮ್ಮ ಯಜಮಾನರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. ಹೇಳಿದೆ. "ಹೋಗು, ಯಾರ್ ಬ್ಯಾಡಂತಾರ? ಆದ್ರ ಅವ್ವನ್ನ ಒಂದ್ ಮಾತು ಕೇಳು" ಎಂದರು. ಅತ್ತೆಯನ್ನು ಕೇಳಿದೆ. "ಕುರಿ ಉಣ್ಣಿ ತೋರ್ಸಾಕ ವಿಮಾನ ಯಾಕ ಬೇಕು?" ಎಂದರು. ಬೇಡ ಎನ್ನಲಿಲ್ಲ. ಅದು ಹೂಂ ಇರಬಹುದೇ ಎಂದು ಇವರನ್ನೇ ಮತ್ತೆ ಕೇಳಬೇಕು.

ಜೂನ್ 12, ಗುರುವಾರ

ನಮ್ಮ ಓಣಿಯಲ್ಲಿ ಪಾಸ್‌ಪೋರ್ಟ್ ಇರುವವಳು ಶರೀಫಾಬಿ ಒಬ್ಬಳೇ. ಗೋಡೆಗೆ ಗೋಡೆ ಹತ್ತಿದ ಮನೆ. ಎರಡು ವರ್ಷದ ಕೆಳಗೆ ಮಕ್ಕಾಕ್ಕೆ ಹೋಗಿ ಬಂದಳು. ಟ್ರಂಕಿನೊಳಗಿಂದ ಬಟ್ಟೆಯ ಗಂಟು ಬಿಚ್ಚಿ ತೋರಿಸಿದಳು. ನೀಲಿ ಪುಸ್ತಕ, ಅಂಗೈಯಗಲ.

"ನಿನ್ನ ಕಾಗದ ಎಲ್ಲಾ ತಗೊಂಡ್ ಬಾ. ಒಂದಕ್ಕೊಂದು ಕೂಡ್ತಾವೋ ಇಲ್ಲೋ ನೋಡೂಣು. ನಂದರಾಗ ಒಂದು ಅಕ್ಷರ ಹೆಚ್ಚಾಗಿ ಆರು ತಿಂಗಳು ತಿರುಗ್ಯಾಡೇನಿ" ಎಂದಳು.

ಆಕೆಗೆ ಓದಲು ಬರುವುದಿಲ್ಲ. ನಾನೇ ಓದಿದೆ. ಆಧಾರಿನಲ್ಲಿ ಗಂಗುಬಾಯಿ, ತಂದೆ ಭೀಮಶಾ, ಹಿರೋಳ್ಳಿ, ತಾಲೂಕು ಆಳಂದ. ವೋಟರ್ ಕಾರ್ಡಿನಲ್ಲಿ ಜಯಮಾಲಾ, ಗಂಡ ಚಂದಪ್ಪ, ಇಜೇರಿ, ತಾಲೂಕು ಜೇವರ್ಗಿ.

ಗೊತ್ತಿಲ್ಲದ್ದೇನಲ್ಲ. ಅವ್ವ ಹಾಸಿಗೆ ಹಿಡಿದಾಗ ನಾಲ್ಕು ತಿಂಗಳು ತವರಿನಲ್ಲಿದ್ದೆ. ಆಗಲೇ ಊರಿಗೆ ಆಧಾರ್ ಮಾಡುವವರು ಬಂದರು. ತಮ್ಮ ಮಾಳಿಂಗ ಅವನ ಬಾಯಿಗೆ ಬಂದ ಹೆಸರನ್ನೇ ಬರೆಸಿದ. ಅವನ ಬಾಯಿಗೆ ಬರುವುದು ಗಂಗುಬಾಯಿಯೇ, ನಾನು ಹುಟ್ಟಿದ ಹೆಸರು. ಮದುವೆಯ ದಿನ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಜಯಮಾಲಾ ಎಂದು ಬರೆದು ಇಲ್ಲಿ ಆ ಹೆಸರಿಟ್ಟರು. ಇಡಬೇಕೆಂದವರು ಅತ್ತೆ. ಮೂವತ್ತಾರು ವರ್ಷವಾಯಿತು. ಇಜೇರಿಯಲ್ಲಿ ನನ್ನ ಹಳೆಯ ಹೆಸರನ್ನು ಓದುವವನು ಬಸ್ಸಿನ ಕಂಡಕ್ಟರ್ ಮಾತ್ರ, ಹೆಂಗಸರ ಉಚಿತ ಟಿಕೆಟಿಗೆ ಆಧಾರ್ ತೋರಿಸುವಾಗ.

ಕಾಗದದ ಪ್ರಕಾರ ಗಂಗುಬಾಯಿ ಹಿರೋಳ್ಳಿಯಲ್ಲಿದ್ದಾಳೆ, ಜಯಮಾಲಾ ಇಜೇರಿಯಲ್ಲಿದ್ದಾಳೆ. ಶರೀಫಾಬಿ ನಕ್ಕಳು. "ಇಬ್ರೂ ಕೂಡಿ ಹೋಗ್ರಿ, ಬ್ಯಾಸರ ಆಗೂದಿಲ್ಲ."

ಜೂನ್ 18, ಬುಧವಾರ

ಇವರ ಜೊತೆ ಜೇವರ್ಗಿಗೆ ಹೋಗಿದ್ದೆ. ಅಬ್ರಾರ ಎಂಬುವವನ ಕಂಪ್ಯೂಟರ್ ಅಂಗಡಿ. ಶರೀಫಾಬಿಯ ಅಳಿಯ. ಅವನು ಕೇಳಿದ್ದಕ್ಕೆಲ್ಲ ಇವರೇ ಉತ್ತರ ಹೇಳಿದರು. ನಾನು ಹುಟ್ಟಿದ ವರ್ಷವನ್ನೂ ಇವರೇ ಹೇಳಿದರು, ಎರಡು ವರ್ಷ ತಪ್ಪಾಗಿ. ಅಬ್ರಾರ ಕಾರ್ಡು ನೋಡಿ ತಿದ್ದಿಕೊಂಡ. ಮೂವತ್ತನೇ ತಾರೀಖಿಗೆ ಕಲಬುರ್ಗಿಯ ಪಾಸ್‌ಪೋರ್ಟ್ ಕಚೇರಿಗೆ ಬರಲು ಚೀಟಿ ಬಂತು.

ಜೂನ್ 30, ಸೋಮವಾರ

ಆಗಲಿಲ್ಲ.

ಮೊದಲು ಬೆರಳಚ್ಚೇ ಬರಲಿಲ್ಲ. ಮೂವತ್ತೈದು ವರ್ಷ ನೂಲು ಎಳೆದು ಬೆರಳಿನ ಗೆರೆಗಳು ಸವೆದಿವೆ. ಆ ಹುಡುಗಿ ಪಾಪ, "ಕೈ ತೊಳ್ಕೊಂಡ್ ಬರ್ರಿ ಅಮ್ಮಾ" ಎಂದು ಮೂರು ಸಲ ಕಳಿಸಿದಳು. ನಾಲ್ಕನೆಯ ಸಲ ಹೆಬ್ಬೆರಳನ್ನು ತಾನೇ ಹಿಡಿದು ಒತ್ತಿದಳು, ಬಂತು.

ಮುಂದಿನ ಕೌಂಟರಿನಲ್ಲಿ ಕನ್ನಡಕದ ಸಾಹೇಬರು. ಎರಡೂ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟರು.

"ಇವರು ಯಾರು, ಇವರು ಯಾರು?"

"ಎರಡೂ ಈಕೀನೇ ರೀ" ಎಂದರು ಇವರು.

"ನೀವು ಹೇಳಿದ್ರ ನಡಿಯೂದಿಲ್ಲ ಯಜಮಾನ್ರ, ಕಾಗದ ಹೇಳಬೇಕು. ಶಾಲಿ ದಾಖಲಾತಿ ಇದ್ರ ತರ್ರಿ. ಎರಡೂ ಹೆಸರು ಒಬ್ಬರದೇ ಅಂತ ಒಂದು ಅಫಿಡವಿಟ್ ಮಾಡಿಸ್ಕೊಂಡ್ ಬರ್ರಿ. ಇಪ್ಪತ್ತೊಂದಕ್ಕ ಮತ್ತ ಬರ್ರಿ." ಸಿಟ್ಟಿನಿಂದೇನೂ ಹೇಳಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದೆವು. ಇವರು ಬೇಸರ ಮಾಡಿಕೊಂಡಿದ್ದರು. ನನಗೆ ಅಷ್ಟು ಬೇಸರವಾಗಲಿಲ್ಲ. ಶಾಲೆಯ ದಾಖಲಾತಿ ಎಂದರೆ ಹಿರೋಳ್ಳಿಗೆ ಹೋಗಬೇಕಲ್ಲ.

ಜುಲೈ 3, ಗುರುವಾರ
ಹಿರೋಳ್ಳಿ

ಇವರಿಗೆ ಮಗ್ಗ ಬಿಡಲಾಗಲಿಲ್ಲ. ಬೆಳಿಗ್ಗೆ ಆರಕ್ಕೆ ಹೊರಟು, ಜೇವರ್ಗಿ, ಕಲಬುರ್ಗಿ, ಆಳಂದ ದಾಟಿ ಇಲ್ಲಿಗೆ ಬಂದಾಗ ಹನ್ನೊಂದೂವರೆ. ಆಳಂದದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ಮಳೆ ಬಿದ್ದು ಹೆಸರು, ತೊಗರಿ ಎಲ್ಲ ಎರಡೆರಡು ಎಲೆ ಒಡೆದಿವೆ.

ಬಸ್ಸಿನಿಂದ ಇಳಿಯುತ್ತಿದ್ದಂತೆ ಯಾರೋ ಮುದುಕಿ, "ಭೀಮಶಾನ ಗಂಗಿ ಏನಬೇ ನೀ?" ಎಂದು ಗಲ್ಲ ಹಿಡಿದಳು. ಯಾರೆಂದು ಈಗಲೂ ನೆನಪಾಗಿಲ್ಲ.

ಶಾಲೆಯ ಹೆಡ್‌ಮಾಸ್ತರು ಅಮರನಾಥ ಅಂತ, ನನಗಿಂತ ಸಣ್ಣವರು. ಕೆಂಪು ಬಟ್ಟೆಯಲ್ಲಿ ಸುತ್ತಿದ ಹಳೆಯ ದಾಖಲಾತಿ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ, "ಯಾವ ವರ್ಷ ಶಾಲಿಗೆ ಸೇರಿದ್ರಿ?" ಎಂದು ಕೇಳಿದರು. ಎಪ್ಪತ್ತೇಳೋ ಎಪ್ಪತ್ತೆಂಟೋ ಎಂದೆ. ಇಬ್ಬರೂ ಕುಳಿತು ಹುಡುಕಿದೆವು. ಮೂರನೆಯ ಪುಸ್ತಕದಲ್ಲಿ ಸಿಕ್ಕಿತು. ಗಂಗುಬಾಯಿ ತಂದೆ ಭೀಮಶಾ. ಹುಟ್ಟಿದ ದಿನ 1-6-1971. ಆ ಪುಟದ ಮಕ್ಕಳೆಲ್ಲರೂ ಜೂನ್ ಒಂದಕ್ಕೇ ಹುಟ್ಟಿದವರು. ಕೊನೆಯ ಕಾಲಮ್ಮಿನಲ್ಲಿ, ಶಾಲೆ ಬಿಟ್ಟ ಕಾರಣ: ಮನೆಗೆಲಸ.

ಆ ಒಂದು ಮಾತನ್ನು ಬಹಳ ಹೊತ್ತು ನೋಡಿದೆ. ಮಾಸ್ತರರು, "ಹೆಣ್ಣುಮಕ್ಕಳದು ಭಾಳ ಮಂದಿದು ಹಂಗೇ ಬರದಾರ ನೋಡ್ರಿ" ಎಂದು ಮೆಲ್ಲಗೆ ಹೇಳಿದರು. "ನನ್ನ ಅಕ್ಷರ ದುಂಡಗಿದ್ದವು ರೀ" ಎಂದೆ. ಯಾಕೆ ಹಾಗೆಂದೆನೋ. ಅವರು ನಗಲಿಲ್ಲ. "ಇರಬೇಕ್ರಿ" ಎಂದು ಸಹಿ ಮಾಡಿ, ಶಿಕ್ಕಾ ಒತ್ತಿ ಕಾಗದ ಕೊಟ್ಟರು.

ಕೆಲಸ ಮಧ್ಯಾಹ್ನಕ್ಕೇ ಮುಗಿದಿತ್ತು. ಮಾಳಿಂಗ ಬಿಡಲಿಲ್ಲ. ಅವ್ವ ಹೋದ ಮೇಲೆ ಇಲ್ಲಿ ಒಂದು ದಿನವೂ ಉಳಿದಿರಲಿಲ್ಲ. ಸಂಜೆ ಹೊಲದ ಆ ಬದುವಿನಿಂದ ಅವನು "ಗಂಗಕ್ಕಾ" ಎಂದು ಕೂಗಿದರೆ ಈ ಬದುವಿನಲ್ಲಿ ನಾನು ಹೂಂ ಎನ್ನುತ್ತಿದ್ದೆ. ಸುಮ್ಮಸುಮ್ಮನೆ ನಾಲ್ಕು ಸಲ ಕೂಗಿದ. ನಾಳೆ ಹೋಗುತ್ತೇನೆ.

ಜುಲೈ 8, ಮಂಗಳವಾರ

ಜೇವರ್ಗಿಯಲ್ಲಿ ಅಬ್ರಾರ ಕಂಪ್ಯೂಟರಿನಲ್ಲಿ ಅಫಿಡವಿಟ್ ಬಡಿದು ಕೊಟ್ಟ. ನೋಟರಿ ವಕೀಲರ ಎದುರು ಓದಿ ಸಹಿ ಮಾಡಿದೆ. ಅದರಲ್ಲಿದ್ದದ್ದನ್ನು ಇಲ್ಲಿ ಬರೆದಿಡುತ್ತೇನೆ: "ಗಂಗುಬಾಯಿ ತಂದೆ ಭೀಮಶಾ ಹಾಗೂ ಜಯಮಾಲಾ ಗಂಡ ಚಂದಪ್ಪ ಎಂಬ ಈ ಎರಡೂ ಹೆಸರುಗಳು ಒಬ್ಬಳೇ ವ್ಯಕ್ತಿಯಾದ ನನ್ನವೇ ಆಗಿರುತ್ತವೆ."

ಎರಡೂ ಹೆಸರಿನಲ್ಲಿ ಸಹಿ ಬೇಕೆಂದರು. ಜಯಮಾಲಾ ಸರಳವಾಗಿ ಬಂತು. ಗಂಗುಬಾಯಿ ಬರೆಯುವಾಗ 'ಯಿ' ಹತ್ತಿರ ಕೈ ತಡವರಿಸಿತು. ಮನೆಗೆ ಬಂದು ಕ್ಯಾಲೆಂಡರಿನ ಹಿಂದೆ ಒಂದಿಷ್ಟು ಸಲ ಬರೆದೆ.

ಜುಲೈ 9, ಬುಧವಾರ

ಆ ಕ್ಯಾಲೆಂಡರ್ ಅತ್ತೆಯ ಕಣ್ಣಿಗೆ ಬಿತ್ತು. ಓದಲು ಬರದಿದ್ದರೂ, "ಏನ್ ಬರದಾಳ?" ಎಂದು ಮಗನನ್ನು ಕೇಳಿದರಂತೆ. ಇವರು ಹೇಳಿದರಂತೆ.

"ನಾ ಇಟ್ಟ ಹೆಸರಿಗೆ ಏನಾಗೇದ?" ಎಂದು ನನ್ನನ್ನು ಕೇಳಿದರು. ಏನೂ ಆಗಿಲ್ಲ ಅತ್ತಿ, ಎಂದೆ. ಊಟಕ್ಕೆ ಬರಲಿಲ್ಲ. ಸಂಜೆ ಜೋಳದ ನುಚ್ಚು ಮಾಡಿ ಮಜ್ಜಿಗೆ ಹಾಕಿ ಕೊಟ್ಟೆ. ಉಂಡರು, ಆದರೆ ಮಾತಿಲ್ಲ.

ಜುಲೈ 21, ಸೋಮವಾರ

ಅದೇ ಕನ್ನಡಕದ ಸಾಹೇಬರು. ಶಾಲೆಯ ಕಾಗದ, ಅಫಿಡವಿಟ್ ಎರಡನ್ನೂ ಓದಿ ತಲೆಯಾಡಿಸಿದರು.

"ಪಾಸ್‌ಪೋರ್ಟಿನಾಗ ಒಂದೇ ಹೆಸರು ಬರ್ತದ. ಯಾವುದು ಬೇಕ್ರಿ?"

"ಜಯಮಾ..." ಎಂದು ಇವರು ಆರಂಭಿಸಿದ್ದರು.

"ಗಂಗುಬಾಯಿ ಅಂತ ಬರೀರಿ" ಎಂದೆ. "ಇನ್ನೊಂದನ್ನ ಉರ್ಫ್ ಅಂತ ಎಲ್ಲೆರ ಬರ್ಕೋರಿ."

ಸಾಹೇಬರು ಬರೆದುಕೊಂಡರು, ವಿಳಾಸ ವೋಟರ್ ಕಾರ್ಡಿನ ಇಜೇರಿಯದೇ. ಆಧಾರಿನಲ್ಲೂ ಅದೇ ಇರುವುದರಿಂದ ಅದೇ ಸಲೀಸು ಎಂದೂ ಹೇಳಿದರು. ಅದು ನನಗೆ ಗೊತ್ತಿರಲಿಲ್ಲ.

ಬಸ್ಸು ಇಜೇರಿ ಹತ್ತಿರ ಬಂದಾಗ ಇವರು, "ಮದುವಿ ಕಾಗದದಾಗ ಗಂಗುಬಾಯಿ ಅಂತ ಅಚ್ಚಾಗಿತ್ತು. ಮದುವಿಗಿಂತ ಮೊದ್ಲ ಒಂದ್ ತಿಂಗಳು ಆ ಕಾಗದ ಕಿಸೇದಾಗ ಇಟ್ಕೊಂಡ್ ತಿರುಗ್ಯಾಡಿದ್ದೆ" ಎಂದರು. ಇದನ್ನು ಮೂವತ್ತಾರು ವರ್ಷದಲ್ಲಿ ಹೇಳಿರಲಿಲ್ಲ.

ಜುಲೈ 31, ಗುರುವಾರ

ಇವತ್ತು ಎಲ್ಲವೂ ಕೈತಪ್ಪಿ ಹೋಗುವುದರಲ್ಲಿತ್ತು.

ಪೊಲೀಸರು ಮನೆಗೆ ಬಂದು ವಿಚಾರಿಸುತ್ತಾರೆ ಎಂದು ಗೊತ್ತಿತ್ತು, ಯಾವಾಗ ಎಂದು ಗೊತ್ತಿರಲಿಲ್ಲ. ನಾನೂ ಶರೀಫಾಬಿಯೂ ಹಳ್ಳದಲ್ಲಿ ಉಣ್ಣೆ ತೊಳೆಯುತ್ತಿದ್ದೆವು. ಇವರು ಹುಣಸೆಬೀಜ ತರಲು ಹೋಗಿದ್ದರು. ನೂಲಿಗೆ ಗಂಜಿ ಹಾಕಲು ಬೇಕು. ಕಾನ್‌ಸ್ಟೆಬಲ್ ಬೈಕಿನಲ್ಲಿ ಬಂದು ಓಣಿಯ ಬಾಯಲ್ಲಿ ಗಂಗುಬಾಯಿಯ ಮನೆ ಯಾವುದೆಂದು ಕೇಳಿದ್ದಾನೆ. ಅಂಗಡಿಯವನು, ಹಿಟ್ಟಿನ ಗಿರಣಿಯವನು, ಎದುರುಮನೆಯವಳು ಎಲ್ಲರೂ ಒಂದೇ ಮಾತು, "ಆ ಹೆಸರಿನವರು ಇಲ್ಲಿ ಯಾರೂ ಇಲ್ರಿ." ಯಾರದೂ ತಪ್ಪಲ್ಲ. ನಿಜವನ್ನೇ ಹೇಳಿದ್ದಾರೆ.

ಅವನು ಬೈಕ್ ತಿರುಗಿಸಿದ್ದನಂತೆ. ಇಂಥವರು ಸಿಗಲಿಲ್ಲ ಎಂದು ಬರೆದರೆ ಮುಗಿಯಿತು, ಮತ್ತೆ ಮೊದಲಿಂದ. ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆ ಕೋಲೂರಿ ಎದ್ದು ಬಂದು ಬೈಕಿನ ಮುಂದೆ ನಿಂತುಬಿಟ್ಟರಂತೆ.

"ಗಂಗುಬಾಯಿ ಇದೇ ಮನ್ಯಾಗ ಇರ್ತಾಳ. ನನ್ನ ಸೊಸಿ."

"ಮತ್ತ ಓಣಿ ಮಂದಿ ಇಲ್ಲಂತಾರಲ್ಲ ಆಯಿ?"

"ಮಂದಿಗೇನ್ ಗೊತ್ತು? ಹೆಸರು ಬದಲಿ ಮಾಡಿದಾಕಿ ನಾನು. ನನ್ನ ಕೇಳು."

ನನ್ನನ್ನು ಕರೆಯಲು ಗಿರಣಿಯವನು ಓಡಿ ಬಂದ. ಇಬ್ಬರೂ ಒದ್ದೆ ಸೀರೆಯಲ್ಲೇ ಬಂದೆವು. ಕಾನ್‌ಸ್ಟೆಬಲ್ ಚಹಾ ಕುಡಿಯುತ್ತ ಕುಳಿತಿದ್ದ, ಇದನ್ನೆಲ್ಲ ಅವನೇ ನಗುತ್ತ ಹೇಳಿದ. ಸಾಕ್ಷಿಗೆ ಶರೀಫಾಬಿಯ ಹೆಬ್ಬೆಟ್ಟು, ಗಿರಣಿಯವನ ಸಹಿ. ಕಾನ್‌ಸ್ಟೆಬಲ್ ಹೋದ ಮೇಲೆ ಅತ್ತೆ, "ಉಣ್ಣಿ ಹಳ್ಳದಾಗ ಬಿಟ್ಟು ಬಂದಿಯೇನು? ತೇಲಿಕೋತ ಹೋದೀತು, ಹೋಗು" ಎಂದರು. ಇಪ್ಪತ್ತೆರಡು ದಿನಗಳ ನಂತರ ನನ್ನೊಡನೆ ಆಡಿದ ಮೊದಲ ಮಾತು.

ಆಗಸ್ಟ್ 14, ಗುರುವಾರ

ಬಂತು! ಪೋಸ್ಟ್‌ಮ್ಯಾನ್ ಹೆಸರು ಹೇಳಿದ ಕೂಡಲೇ ಓಣಿಯವರೇ ಮನೆ ತೋರಿಸಿದರು.

ಸೆಪ್ಟೆಂಬರ್ 9, ಮಂಗಳವಾರ
ದಿಲ್ಲಿ, ವಿಮಾನ ನಿಲ್ದಾಣ

ಧಮ್ಮಪಾಲ ಸರ್ ಗಾಜಿನ ಬಾಗಿಲಿನವರೆಗೆ ಬಂದು ಅಲ್ಲೇ ನಿಂತರು. ಮುಂದೆ ಅವರಿಗೆ ಬಿಡುವುದಿಲ್ಲ. ಸೋಲಾಪುರ ಕಡೆಯ ಇಬ್ಬರು ಹೆಂಗಸರು ನನ್ನ ಜೊತೆಗಿದ್ದರು, ಅವರು ಬೇರೆ ಸಾಲಿಗೆ ಹೋಗಿ ಮುಂದೆ ದಾಟಿಬಿಟ್ಟರು.

ಎತ್ತರದ ಮೇಜಿನ ಹಿಂದೆ ಅಧಿಕಾರಿ. ಪುಸ್ತಕ ನೋಡಿದರು, ಮುಖ ನೋಡಿದರು. "ಅಕೇಲಿ ಜಾ ರಹೀ ಹೋ, ಅಮ್ಮಾ?"

ಒಬ್ಬಳೇ ಹೊರಟಿದ್ದೀಯಾ ಎಂದು ಕೇಳುತ್ತಿದ್ದಾರೆಂದು ತಿಳಿಯಿತು. ಶರೀಫಾಬಿಯ ಜೊತೆ ಗೋಡೆಯ ಮೇಲಿಂದ ಇಷ್ಟು ವರ್ಷ ಮಾತಾಡಿದ ನಮ್ಮ ಕಡೆಯ ಉರ್ದುವೇ ಬಾಯಿಗೆ ಬಂತು.

"ಹೌ ಸಾಬ್, ಅಕೇಲಿಚ್. ಊನ್ ಕಾ ಕಾಮ್ ದಿಖಾನೇಕು ಜಾತೂಂ." ಹೌದು, ಒಬ್ಬಳೇ, ಉಣ್ಣೆಯ ಕೆಲಸ ತೋರಿಸಲು ಹೊರಟಿದ್ದೇನೆ ಎಂದೆ.

ಅವರು ತಲೆಯೆತ್ತಿ ನಕ್ಕರು. "ಹೈದರಾಬಾದ್?"

"ನೈ ಸಾಬ್, ಇಜೇರಿ."

ಇಜೇರಿ ಎಲ್ಲಿದೆಯೆಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಠಪ್ ಎಂದು ಶಿಕ್ಕಾ ಬಿತ್ತು. ಈಗ ವಿಮಾನಕ್ಕೆ ಕಾಯುತ್ತ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹಸಿವಾಗಿದೆ. ಕಟ್ಟಿಕೊಂಡು ಬಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚುತ್ತೇನೆ, ಯಾರು ನೋಡಿದರೂ ನೋಡಲಿ.

ಸೆಪ್ಟೆಂಬರ್ 13, ಶನಿವಾರ
ಕಿರ್ಗಿಸ್ತಾನ

ಬೆಟ್ಟದ ಮೇಲೆ ದುಂಡನೆಯ ಉಣ್ಣೆಯ ಡೇರೆಗಳು. ಗೋಡೆಯೂ ಉಣ್ಣೆ, ಚಾವಣಿಯೂ ಉಣ್ಣೆ. ಇದಕ್ಕೆ ಇಲ್ಲಿಯವರು ನೂಲುವುದೇ ಇಲ್ಲ, ಉಣ್ಣೆಯನ್ನು ಬಿಸಿನೀರು ಹಾಕಿ ಉರುಳಿಸಿ ಉರುಳಿಸಿ ಗಟ್ಟಿ ಮಾಡುತ್ತಾರೆ. ನಾನೂ ಉರುಳಿಸಿದೆ. ಆಮೇಲೆ ನನ್ನ ರಾಟಿ ತಿರುಗಿಸಿದೆ. ಒಬ್ಬ ಮುದುಕಿ ನನ್ನ ಕಂಬಳಿಯನ್ನು ಗಲ್ಲಕ್ಕೆ ಒತ್ತಿ ನೋಡಿ, ಚುಚ್ಚುತ್ತದೆ ಎಂಬಂತೆ ಮುಖ ಮಾಡಿದಳು. ಮಳೆಯಲ್ಲಿ ನೆನೆದರೂ ನೀರು ಒಳಗೆ ಬರುವುದಿಲ್ಲ ಎಂದು ಕನ್ನಡದಲ್ಲಿಯೇ ಹೇಳಿ, ಚೊಂಬಿನ ನೀರು ಸುರಿದು ತೋರಿಸಿದೆ. ನೀರು ಹರಳಾಗಿ ಉರುಳಿತು. ಆಕೆ ತನ್ನ ಸೊಸೆಯನ್ನು ಕೂಗಿ ಕರೆದು ತೋರಿಸಿದಳು.

ಉಣ್ಣೆಯ ಬಗ್ಗೆ ಮಾತಾಡಿ ಎಂದರು. ನೋಟ್‌ಬುಕ್ಕು ತೆಗೆದರೆ ಇದರಲ್ಲಿ ಉಣ್ಣೆಯ ಸುದ್ದಿ ಎರಡೇ ಸಾಲು! ಬಾಯಲ್ಲೇ ಹೇಳಿದೆ. ಅರ್ಧ ಗಂಟೆ ಹೇಳಿದೆನಂತೆ. ಊಟಕ್ಕೆ ಖಾರ ಒಂದಿಲ್ಲ, ಉಳಿದದ್ದೆಲ್ಲ ಚೆನ್ನಾಗಿದೆ.

ಸೆಪ್ಟೆಂಬರ್ 22, ಸೋಮವಾರ
ಇಜೇರಿ

ಬಂದು ಮೂರು ದಿನವಾಯಿತು. ನೋಡಲು ಬರುವವರೆಲ್ಲ ಬಂದು ಹೋದರು. ಇವತ್ತು ಮಧ್ಯಾಹ್ನ ಮನೆಯಲ್ಲಿ ಅತ್ತೆ, ನಾನು ಇಬ್ಬರೇ. "ಆ ನೀಲಿ ಪುಸ್ತಕ ತಾ" ಎಂದರು. ಕೊಟ್ಟೆ. ಒಂದೊಂದೇ ಪುಟ ತಿರುವಿದರು.

"ನಿನ್ನ ಹೆಸರು ಎಲ್ಲದ?"

ಬೆರಳಿಟ್ಟು ತೋರಿಸಿದೆ. ಅದರ ಮೇಲೆ ತಮ್ಮ ಬೆರಳನ್ನೂ ಇಟ್ಟರು.

"ನಾ ತವರಾಗ, ಗೊಬ್ಬೂರಾಗ, ಶಿವಗಂಗಾ ಇದ್ದೆ" ಎಂದರು.

ನನಗೆ ತಿಳಿಯಲಿಲ್ಲ. ಅತ್ತೆಯ ಹೆಸರು ಸಾಬಮ್ಮ. ಎಲ್ಲ ಕಾಗದದಲ್ಲೂ, ಎಲ್ಲರ ಬಾಯಲ್ಲೂ ಸಾಬಮ್ಮ.

"ನಮ್ಮಪ್ಪ ಗಂಗಿ ಅಂತಿದ್ದ. ಈ ಮನಿಗೆ ಬಂದ ದಿನಾ ನನ್ನ ಅತ್ತಿ ಸಾಬಮ್ಮ ಅಂದ್ಲು, ಮುಗೀತು. ಆಮ್ಯಾಲೆ ನೀ ಬಂದಿ. ಬಾಗಲದಾಗ ಎಲ್ಲಾರೂ 'ಗಂಗಿ ಬಂದ್ಲು, ಗಂಗಿ ಬಂದ್ಲು' ಅಂದ್ರು. ನನಗ ತಡ್ಕೊಳ್ಳಾಕ ಆಗಲಿಲ್ಲ. ನಂದು ಕಸ್ಕೊಂಡಾರ, ಈಕೀದು ಯಾಕ ಉಳೀಬೇಕು ಅನ್ನಿಸ್ತು." ನನ್ನ ಮುಖ ನೋಡಲಿಲ್ಲ. "ತಪ್ಪು ಮಾಡಿದ್ನೇನಬೇ?"

ಸಿಟ್ಟು ಬರಬಹುದೆಂದು ಕಾದೆ, ಬರಲಿಲ್ಲ. "ಜಯಮಾಲಾನೂ ಛಲೋ ಹೆಸರೇ ಅತ್ತಿ" ಎಂದೆ. ಅದೂ ನಿಜವೇ. ನನ್ನ ಇಬ್ಬರು ಹೆಣ್ಣುಮಕ್ಕಳನ್ನು ಹಡೆದವಳು ಜಯಮಾಲಾ, ನೂಲಲು ಕಲಿತವಳು ಜಯಮಾಲಾ.

"ಛಲೋ ಅದ. ಭಾಳ ಹುಡುಕಿ ಇಟ್ಟೇನಿ" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಎರಡೂ ಹೆಸರು ಒಬ್ಬಾಕೀದೇ ಅಂತ ಕಾಗದ ಮಾಡ್ಸಿದ್ಯಲ್ಲ, ಹಂತಾದ್ದು ನನಗೂ ಒಂದು ಮಾಡಿಸಿ ಕೊಡ್ತೀಯೇನು?"

ಸಂಜೆ ಇವರು ಬಂದಾಗ, "ಗುರುವಾರ ನಾನೂ ಅತ್ತಿನೂ ಜೇವರ್ಗಿಗೆ ಹೊಂಟೇವಿ. ರೊಟ್ಟಿ ಮಾಡಿಟ್ಟು ಹೋಗ್ತೇನಿ, ಪಲ್ಯ ನೀವು ಮಾಡ್ಕೋರಿ" ಎಂದೆ.

ಸೆಪ್ಟೆಂಬರ್ 25, ಗುರುವಾರ

ಅತ್ತೆ ಇಳಕಲ್ ಸೀರೆ ಉಟ್ಟು ಹೊರಟರು. ಬಸ್ಸಿನಲ್ಲಿ ಎದ್ದು ಸೀಟು ಕೊಟ್ಟ ಹುಡುಗಿಗೆ, "ಕೋರ್ಟಿನ ಕೆಲಸ ಅದ" ಎಂದು ಹೇಳಿದರು.

ಅಬ್ರಾರನಿಗೆ ಎಲ್ಲ ತಿಳಿಸಿ ಹೇಳಿದೆ. ಬಡಿಯುತ್ತ ಬಡಿಯುತ್ತ ಒಂದು ಕಡೆ ನಿಂತ. "ಯಾವ ಕೆಲಸಕ್ಕ ಅಂತ ಬರೀಬೇಕಾಗ್ತದ ಅವ್ವಾ. ಪೆನ್ಶನ್ನಿಗೋ, ಜಮೀನಿಗೋ?"

"ಯಾವುದಕ್ಕೂ ಅಲ್ಲಪ್ಪ."

"ಯಾವುದಕ್ಕೂ ಅಲ್ಲ ಅಂತ ಹೆಂಗ ಬರೀಲಿ?"

"ಸ್ವಂತ ಉಪಯೋಗಕ್ಕಾಗಿ ಅಂತ ಬರಿ" ಎಂದೆ. ಅವನು ಒಪ್ಪಿದ.

ನೋಟರಿ ವಕೀಲರ ಕೋಣೆಯ ಹೊರಗೆ ಜನ ತುಂಬಿದ್ದರು. ಎರಡು ತಾಸು ಕಾಯಬೇಕಾಯಿತು. ಅತ್ತೆಯನ್ನು ಬೆಂಚಿನ ಮೇಲೆ ಗೋಡೆಗೆ ಒರಗಿಸಿ ಕೂರಿಸಿದೆ. ಸ್ವಲ್ಪ ಹೊತ್ತಿಗೆ ತೂಕಡಿಕೆ ಹತ್ತಿತು. ಸೆರಗು ಜಾರಿತ್ತು, ಸರಿ ಮಾಡಿದೆ.

ಒಳಗಿನಿಂದ ವಕೀಲರು ಕಾಗದ ನೋಡಿಕೊಂಡು ಜೋರಾಗಿ ಕೂಗಿದರು, "ಶಿವಗಂಗಾ ಯಾರ್ರಿ? ಶಿವಗಂಗಾ, ಗೊಬ್ಬೂರು?"

ಎಬ್ಬಿಸೋಣವೆಂದು ನಾನು ಭುಜದ ಮೇಲೆ ಕೈಯಿಡುವುದರೊಳಗೆ, ಕಣ್ಣು ಇನ್ನೂ ಮುಚ್ಚಿಯೇ ಇತ್ತು, ಅತ್ತೆ "ಓ" ಎಂದರು.